ಫಿಲ್ಮಿಗೆ ತಾನೆ?

ಮೆಟ್ಟಿಲಿಳಿಯುವಾಗಲೇ ಸಬಾತೋ ತೀರ್ಮಾನ ಮಾಡಿಕೊಂಡಿದ್ದ: ಪ್ರೆಸ್ಸು ತಲುಪುವವರೆಗೆ ತಲೆ ಎತ್ತಬಾರದು, ಗೋಡೆ ನೋಡಬಾರದು. ಐವತ್ತೆಂಟು ವರ್ಷದ ಗಂಡಸು, ಮೂವತ್ತು ವರ್ಷದಿಂದ ಈ ಊರಿನ ಗೋಡೆಗಳಿಗೆ ಸತ್ತವರ ಹೆಸರು ಅಚ್ಚು ಹಾಕಿ ಕೊಡುತ್ತ ಬಂದವನು, ಇವತ್ತು ಅದೇ ಗೋಡೆಗೆ ಹೆದರಿ ಕಾಲಡಿಯ ಕಪ್ಪು ಚಪ್ಪಡಿ ನೋಡುತ್ತ ನಡೆಯುವುದೆಂದರೆ ನಗೆಪಾಟಲು. ಆದರೂ ಹಾಗೆಯೇ ನಡೆದ. ಬೇಕರಿಯ ಮೂಲೆ ತಿರುಗುವಾಗ ಕತ್ತು ತಾನಾಗಿ ಎತ್ತಿಕೊಂಡಿತು, ಹಾಳು ಕತ್ತು. ಅಲ್ಲಿತ್ತು. ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ದಪ್ಪ ಅಕ್ಷರದಲ್ಲಿ ಅನಿಯೆಲ್ಲೋ ಲಾಂಜೆಲ್ಲಾ, ಅದರ ಕೆಳಗೆ 'ನಿದ್ದೆಗಣ್ಣ' ಎಂದು ಹೆಸರಾದವರು, ತಮ್ಮವರ ಪ್ರೀತಿಯನ್ನು ಅಗಲಿ ಹೋಗಿದ್ದಾರೆ, ದುಃಖತಪ್ತ ಪತ್ನಿ ನುಂಜಿಯಾ ಮತ್ತು ಬಂಧುಗಳು, ಅಂತ್ಯಕ್ರಿಯೆ ಗುರುವಾರ ಸಂಜೆ ನಾಲ್ಕಕ್ಕೆ ದೊಡ್ಡ ಚರ್ಚಿನಲ್ಲಿ. ಅಂಟು ಇನ್ನೂ ಹಸಿಯಾಗಿತ್ತು. ಅದನ್ನು ಕಂಡ ಕ್ಷಣ ಮೊದಲು ಹೊಳೆದದ್ದೇನೆಂದು ಆಮೇಲೆ ನೆನೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೆಸರು ಸರಿಯಾಗಿ ನಡುಮಧ್ಯೆ ಕೂತಿದೆ, ಅಕ್ಷರ ಅಕ್ಷರದ ನಡುವೆ ಜಾಗ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದ. ಅದೇ ಹೊತ್ತಿಗೆ ಮುಂದಿನ ಬೀದಿಯಿಂದ ಅನಿಯೆಲ್ಲೋನ ಕೂಗು ಕೇಳುತ್ತಿತ್ತು, ಇವತ್ತಿನ ಚಿಪ್ಪುಮೀನು ಇವತ್ತಿನದೇ, ಮುಟ್ಟಿ ನೋಡಿ, ಮೂಸಿ ನೋಡಿ, ಆಮೇಲೆ ಮಾತಾಡಿ ಎಂದು. ಎಂದಿನ ಗಂಟಲು, ಎಂದಿನ ಮಾತು.

ನಿನ್ನೆ ಮಧ್ಯಾಹ್ನ ಮಿಮ್ಮೋ ಬಂದಾಗ ಸಬಾತೋ ಊಟಕ್ಕೆಂದು ಅರ್ಧ ಷಟರ್ ಎಳೆದಿದ್ದ. ಮಿಮ್ಮೋ ಬಗ್ಗಿ ಒಳಗೆ ಬಂದ. ಮೂವತ್ತೈದರ ಆಳು, ಸಿಸ್ಟಮ್ಮಿನವನು. ಸಿಸ್ಟಮ್ಮು ಎಂದರೆ ಅಲ್ಲಿ ಯಾರೂ ಬಿಡಿಸಿ ಕೇಳುವುದಿಲ್ಲ. ಸರ್ಕಾರದ್ದು ಯಾವುದೂ ನೆಟ್ಟಗೆ ನಡೆಯದ ನೇಪಲ್ಸ್ ಮಗ್ಗುಲಿನ ಆ ಊರಿನಲ್ಲಿ ನೆಟ್ಟಗೆ ನಡೆಯುವುದು ಅದೊಂದೇ, ಹಾಗಾಗಿ ಗೂಂಡಾಗಳ ಕೂಟಕ್ಕೆ ಆ ಹೆಸರು ಒಪ್ಪಿ ಬಿಟ್ಟಿದೆ. ಹೋದ ವರ್ಷ ಫಿಲ್ಮಿನವರು ಮೊದಲ ಸಲ ಬಂದಾಗ ಮಿಮ್ಮೋನಿಗೆ ಡಾನ್‌ನ ಹಿಂದೆ ನಾಲ್ಕು ಹೆಜ್ಜೆ ನಡೆಯುವ ಪಾರ್ಟು ಕೊಟ್ಟಿದ್ದರು. ಅದಕ್ಕೆ ಮೊದಲು ಅವನು ಎಲ್ಲರ ಹಾಗೆಯೇ ನಡೆಯುತ್ತಿದ್ದ. ಹೇಗೆ ನಡೆಯಬೇಕೆಂದು ರೋಮಿನಿಂದ ಬಂದ ಒಬ್ಬ ಕನ್ನಡಕದವನು ಎರಡು ದಿನ ಹೇಳಿಕೊಟ್ಟ ಮೇಲೆ, ಭುಜ ಹಿಂದಕ್ಕೆ ಹಾಕಿ, ಮಂಡಿ ಸಡಿಲ ಬಿಟ್ಟು, ಯಾರೋ ಸದಾ ತನ್ನನ್ನು ನೋಡುತ್ತಿದ್ದಾರೆ ಎನ್ನುವಂತೆ ನಡೆಯತೊಡಗಿದ. ಈಗ ಸಿಸ್ಟಮ್ಮಿನ ಅರ್ಧ ಜನ ಹಾಗೇ ನಡೆಯುತ್ತಾರೆ. ಕಾಗದವೊಂದನ್ನು ಮೇಜಿನ ಮೇಲಿಟ್ಟು, "ಮೇಸ್ತ್ರಿ, ಇದೊಂದು ಮೂವತ್ತು ಪ್ರತಿ ಹೊಡೆದುಕೊಡಿ. ಫಿಲ್ಮಿಗೆ," ಎಂದ. ಸಬಾತೋ ಓದಿದ. ಕೈಬರಹ ಮುದ್ದಾಗಿತ್ತು, ಯಾರೋ ಹೆಂಗಸಿನ ಕೈಲಿ ಬರೆಸಿದ್ದಿರಬೇಕು. ಓದಿ ಮುಗಿಸಿ ಅವನು ಹೇಳಬಹುದಾಗಿದ್ದ ಮಾತುಗಳು ಎಷ್ಟೋ ಇದ್ದವು: ಆಗುವುದಿಲ್ಲ, ಮೆಶಿನ್ನು ಕೆಟ್ಟಿದೆ, ಕಾಗದ ಮುಗಿದಿದೆ, ಈತ ನನ್ನ ಸ್ನೇಹಿತ. ಅವನು ಕೇಳಿದ್ದು ಒಂದೇ, "ಲಾಂಜೆಲ್ಲಾ ಅನ್ನೋದಕ್ಕೆ ಒತ್ತು ಲ ಅಲ್ಲವಾ?" ಎಂದು. ನಲವತ್ತು ವರ್ಷ ಆ ಮನೆಯಲ್ಲಿ ಉಂಡವನು. ಮಿಮ್ಮೋನಿಗೆ ನಗು ಬಂತು. "ನೀವು ಬಲ್ಲವರು, ನನ್ನ ಕೇಳ್ತೀರಲ್ಲ ಮೇಸ್ತ್ರಿ," ಎಂದು ಅವನ ಕೆನ್ನೆಯನ್ನು ಎರಡು ಸಲ ಮೆಲ್ಲಗೆ ತಟ್ಟಿದ, ಅದೂ ಫಿಲ್ಮಿನದೇ. ಸಂಜೆಯವರೆಗೂ ಕೆನ್ನೆಯ ಆ ಜಾಗ ತುರಿಸುತ್ತಿತ್ತು.

ಫಿಲ್ಮಿಗಲ್ಲ ಎಂದು ಅವನಿಗೆ ಗೊತ್ತಾಗಲು ಯಾವ ಬುದ್ಧಿವಂತಿಕೆಯೂ ಬೇಕಿರಲಿಲ್ಲ. ಫಿಲ್ಮಿನ ಸಾಮಾನು ಸರಂಜಾಮು ನೋಡಿಕೊಳ್ಳುವ ಲುದೋವಿಕಾ ಎಂಬ ಹುಡುಗಿ ಹೋದ ವರ್ಷ ಇದೇ ಮೇಜಿನ ಮುಂದೆ ಕೂತು ನಿಯಮಗಳನ್ನೆಲ್ಲ ಹೇಳಿದ್ದಳು. ಬದುಕಿರುವ ಯಾರ ಹೆಸರೂ ಇರಕೂಡದು, ಪುರಸಭೆಯಿಂದ ಆ ಹೆಸರಿನವರು ಯಾರೂ ಇಲ್ಲವೆಂದು ಬರೆಸಿಕೊಂಡು ಬಂದ ಮೇಲೆಯೇ ಅಚ್ಚು. ಹೆಂಡತಿ ಮಕ್ಕಳ ಹೆಸರಂತೂ ಬೇಡವೇ ಬೇಡ. ಅವಳು ತಂದ ನಮೂನೆಯಲ್ಲಿ ಬರೀ ಹೆಸರು, ಮನೆತನದ ಹೆಸರು. ಸಬಾತೋ ನಕ್ಕುಬಿಟ್ಟಿದ್ದ. ಅಮ್ಮಾ ತಾಯಿ, ಅಡ್ಡಹೆಸರಿಲ್ಲದೆ ಸತ್ತರೆ ಈ ಊರಿನಲ್ಲಿ ಯಾರು ಸತ್ತರೆಂದು ಯಾರಿಗೆ ತಿಳಿಯಬೇಕು, ಹೆಣದ ಹಿಂದೆ ನಾಲ್ಕು ಜನವೂ ಬರುವುದಿಲ್ಲ ಎಂದು ಹೇಳಿ, ಆ ಇಲ್ಲದ ಮನುಷ್ಯನಿಗೆ ತಾನೇ ಒಂದು ಅಡ್ಡಹೆಸರು ಕಟ್ಟಿಕೊಟ್ಟಿದ್ದ: 'ಅರ್ಧ ಕೋಟು'. ಲುದೋವಿಕಾ ಚಪ್ಪಾಳೆ ತಟ್ಟಿದ್ದಳು. ಶೂಟಿಂಗ್ ಮುಗಿದು ಅವರೆಲ್ಲ ಹೋದ ಮೇಲೂ ಅರ್ಧ ಕೋಟಿನವನ ಪೋಸ್ಟರುಗಳು ಗೋಡೆಯ ಮೇಲೆ ಉಳಿದು, ಮೂರು ಮುದುಕಿಯರು ಅವನ ಆತ್ಮಕ್ಕೆ ಒಂಬತ್ತು ದಿನ ಜಪಮಾಲೆ ಹೇಳಿದರು. ಒಬ್ಬಳಂತೂ ಅವನು ತನ್ನ ತಂಗಿಯನ್ನು ಕೇಳಲು ಬಂದಿದ್ದ ಗಂಡು ಎಂದು ನೆನಪಿಸಿಕೊಂಡು ಕಣ್ಣೊರೆಸಿಕೊಂಡಳು. ಆಗ ಊರೆಲ್ಲ ನಕ್ಕಿತ್ತು. ಸಬಾತೋ ಎಲ್ಲರಿಗಿಂತ ಹೆಚ್ಚು ನಕ್ಕಿದ್ದ. ನಿನ್ನೆ ಅದೇ ಕಂಪ್ಯೂಟರಿನಲ್ಲಿ 'ನಿದ್ದೆಗಣ್ಣ' ಎಂದು ಒತ್ತುವಾಗ, ಈ ಕಸುಬಿನ ಗುಟ್ಟನ್ನು ಹತ್ತು ಜನರ ಎದುರು ಹೆಮ್ಮೆಯಿಂದ ಹೇಳಿಕೊಟ್ಟವನು ತಾನೇ ಅಲ್ಲವೇ, ಆ ಹತ್ತು ಜನರಲ್ಲಿ ಮಿಮ್ಮೋನೂ ನಿಂತಿದ್ದನಲ್ಲವೇ ಎಂದು ಬೆರಳು ಒಮ್ಮೆ ನಿಂತಿತ್ತು. ಮತ್ತೆ ಒತ್ತಿತು.

ನಿದ್ದೆಗಣ್ಣ ಎಂಬುದು ಅನಿಯೆಲ್ಲೋ ಗಳಿಸಿದ ಹೆಸರಲ್ಲ, ಅಜ್ಜನಿಂದ ಬಂದದ್ದು. ಅಜ್ಜ ದೋಣಿಯಲ್ಲಿ ನಿದ್ದೆ ಹೋಗಿ ಬೇರೆ ಯಾವುದೋ ದ್ವೀಪದಲ್ಲಿ ಎದ್ದವನಂತೆ. ಮೊಮ್ಮಗನ ಕಣ್ಣುಗಳೂ ಸದಾ ಅರ್ಧ ಮುಚ್ಚಿದಂತೆಯೇ ಇರುತ್ತವೆ. ಆ ನಿದ್ದೆಗಣ್ಣಿಗೇ ಎಲ್ಲ ಕಾಣಬೇಕಿತ್ತೆ? ಹೋದ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಅನಿಯೆಲ್ಲೋನ ಮೀನಂಗಡಿಯ ಮುಂದೆ ಲಾರಿ ನಿಲ್ಲಿಸಿ ಹೆದ್ದಾರಿಗೆ ದಾರಿ ಕೇಳುತ್ತಿದ್ದ ಒಬ್ಬ ಡ್ರೈವರನನ್ನು ಮಿಮ್ಮೋನ ಭಾವ ಸ್ಕೂಟರಿನಿಂದ ಇಳಿದು ಬಂದು ಗುಂಡು ಹೊಡೆದು ಕೊಂದ. ಹೊಡೆಯಬೇಕಾಗಿದ್ದದ್ದು ಬೇರೆ ಯಾರನ್ನೋ. ಆ ಬೇರೆಯವನಿಗೂ ಅಂಥದೇ ಹಸಿರು ಜಾಕೆಟ್ಟು ಇತ್ತಂತೆ. ಸಬಾತೋ ಆಗ ಎದುರಿನ ತನ್ನ ಪ್ರೆಸ್ಸಿನ ಬಾಗಿಲಲ್ಲಿ ಸಿಗರೇಟು ಹಚ್ಚುತ್ತಿದ್ದ. ಹೆಲ್ಮೆಟ್ಟಿಲ್ಲದ ಮುಖ, ಮೂಗಿನ ಪಕ್ಕದ ಮಚ್ಚೆ, ಎಲ್ಲ ಕಂಡಿತ್ತು. ಪೊಲೀಸಿನವರು ಕೇಳಿದಾಗ, ಹಿಂದಿನ ಕೋಣೆಯಲ್ಲಿದ್ದೆ, ಮೆಶಿನ್ನಿನ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದ. ಆ ವಾರವೆಲ್ಲ ಮೆಶಿನ್ನು ಬೆಲ್ಟು ತುಂಡಾಗಿ ಮಲಗಿತ್ತು. ಹೊಸ ಬೆಲ್ಟು ತರಲು ಅವನನ್ನು ತನ್ನ ಮೀನಿನ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿದ್ದವನು ಅನಿಯೆಲ್ಲೋ. ಅದಾದ ಮೇಲೆ ಇಬ್ಬರೂ ಎಷ್ಟೋ ಸಲ ಒಟ್ಟಿಗೆ ಕಾಫಿ ಕುಡಿದಿದ್ದಾರೆ, ಇಸ್ಪೀಟು ಆಡಿದ್ದಾರೆ, ಮೆಶಿನ್ನಿನ ಮಾತನ್ನು ಅನಿಯೆಲ್ಲೋ ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು. ಅವನು ಮಾತ್ರ ಕಂಡದ್ದನ್ನು ಕಂಡೆ ಎಂದು ಬರೆಸಿದ, ರುಜು ಹಾಕಿದ. ಈ ಶುಕ್ರವಾರ ನೇಪಲ್ಸಿನ ಕೋರ್ಟಿನಲ್ಲಿ ಅದನ್ನೇ ಬಾಯಿಬಿಟ್ಟು ಹೇಳಬೇಕು, ಕಟಕಟೆಯಲ್ಲಿರುವವನ ಕಡೆ ಬೆರಳು ತೋರಿಸಬೇಕು. ಪೋಸ್ಟರಿನಲ್ಲಿ ಅವನ ಹೆಣ ಎತ್ತುವುದು ಗುರುವಾರ. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತೇ ಇರಲಿಲ್ಲ, ಚಿಕ್ಕ ಮಗುವಿಗೂ ಅರ್ಥವಾಗುವ ಲೆಕ್ಕ.

ಪ್ರೆಸ್ಸಿನ ಷಟರ್ ಎತ್ತುವಷ್ಟರಲ್ಲಿ ಪಕ್ಕದ ಕ್ಷೌರಿಕ ಹೊರಗೆ ಬಂದು, ಗಾಳಿಯ ಬಗ್ಗೆ, ಕಾಲುನೋವಿನ ಬಗ್ಗೆ ಮಾತಾಡಿ, ಕೊನೆಗೆ ಟವೆಲು ಕೊಡವುತ್ತ, ಗೋಡೆ ಮೇಲಿನದು ಫಿಲ್ಮಿಗೆ ತಾನೆ ಎಂದ. ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು, ಸಬಾತೋ ಹೂಂ ಎನ್ನುವುದೊಂದೇ ಬಾಕಿ. ಹೂಂ ಎಂದ. ಕ್ಷೌರಿಕನ ಮುಖ ಎಷ್ಟು ಹಗುರವಾಯಿತೆಂದರೆ ಅದನ್ನು ನೋಡಿ ಸಬಾತೋನಿಗೂ ಒಂದು ಗಳಿಗೆ ಹಗುರವಾಯಿತು. ಹತ್ತು ಗಂಟೆಯೊಳಗೆ ಬೇಕರಿಯವಳು, ಔಷಧಿ ಅಂಗಡಿಯವನು, ದಂಡ ಹಾಕುವ ಪುಸ್ತಕ ಹಿಡಿದ ಟ್ರಾಫಿಕ್ಕಿನವನು, ಒಬ್ಬೊಬ್ಬರಾಗಿ ಬಂದು ಅದನ್ನೇ ಕೇಳಿ ಅದನ್ನೇ ಪಡೆದುಕೊಂಡು ಹೋದರು. ಪಾದ್ರಿಗಳು ಫೋನು ಮಾಡಿದರು. ಗುರುವಾರ ನಾಲ್ಕಕ್ಕೆ ತಮ್ಮಲ್ಲಿ ಯಾವ ಅಂತ್ಯಕ್ರಿಯೆಯೂ ಇಲ್ಲ, ಅನಿಯೆಲ್ಲೋನನ್ನು ಈಗ ತಾನೆ ಕಂಡು ಸೀಗಡಿ ಕೊಂಡು ಬಂದೆ ಎಂದು ಶುರುಮಾಡಿ, ಆಮೇಲೆ ತಾವೇ, ಫಿಲ್ಮಿನವರು ಚರ್ಚಿನ ಅಪ್ಪಣೆ ಕೇಳಲು ಮರೆತಿರಬೇಕು, ಹಾಗೆ ಮಾಡಬಾರದಿತ್ತು ಎಂದು ಗದರಿ ಫೋನಿಟ್ಟರು. ಬೆಕ್ಕಿಗೆ ಗಂಟೆ ಕಟ್ಟುವುದು ಬೇಡ, ಅದನ್ನು ಬೆಕ್ಕು ಎನ್ನುವುದೂ ಬೇಡ ಎಂದು ಊರು ಒಂದೇ ಬೆಳಗಿನಲ್ಲಿ ಮಾತಾಡಿಕೊಂಡಂತಿತ್ತು. ಆ ಒಪ್ಪಂದಕ್ಕೆ ಮುದ್ರೆ ಒತ್ತುವ ಕೆಲಸ ಮಾತ್ರ ತನ್ನ ಕೊರಳಿಗೆ ಬಿದ್ದಿದೆ ಎಂದುಕೊಂಡ ಸಬಾತೋ. ಗಾಜಿನಾಚೆ ಅನಿಯೆಲ್ಲೋ ಗಿರಾಕಿಗಳ ಜೊತೆ ಹಲ್ಲು ಬಿಡುತ್ತಿದ್ದ. ಸತ್ತವನ ಕೈಯಿಂದ ಮೀನು ತಗೊಂಡರೆ ಪುಣ್ಯ ಬರುತ್ತೆ ಕಣ್ರೀ, ಗುರುವಾರ ನಾಲ್ಕರವರೆಗೆ ಮಾತ್ರ ಎಂದು ಕೂಗುತ್ತಿದ್ದ. ಜನ ನಗುತ್ತಿದ್ದರು, ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಹಿಂದೆ ಅವನ ಹೆಂಡತಿ ನುಂಜಿಯಾ ಬೋಗುಣಿಯ ಮೇಲೆ ಬಾಗಿ ಚಿಪ್ಪುಗಳ ನಾರು ಕೀಳುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

ಇದನ್ನು ನಿಜವಾಗಿಯೂ ಫಿಲ್ಮಿಗೆ ಸೇರಿಸಿಬಿಟ್ಟರೆ ಎಂಬ ಯೋಚನೆ ಬಂದದ್ದು ಆಗ. ಎಷ್ಟು ಸುಲಭ. ಲುದೋವಿಕಾಗೆ ಹೇಳಿದರೆ ಸಾಕು, ಬೇಕರಿ ಮೂಲೆಯ ಗೋಡೆಯ ಮುಂದೆ ಒಂದು ಸಲ ಕ್ಯಾಮೆರಾ ಇಟ್ಟು ತೆಗೆದರೆ ಆಮೇಲೆ ಅದು ಫಿಲ್ಮಿನದೇ, ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ, ಮಿಮ್ಮೋನ ಕಾಗದವೂ ಬರೀ ಕಾಗದವಾಗಿಬಿಡುತ್ತದೆ. ಬುದ್ಧಿ ಇರುವ ಮನುಷ್ಯ ಮಾಡುವ ಯೋಚನೆಯಲ್ಲ ಅದು, ಅವನಿಗೂ ಗೊತ್ತಿತ್ತು. ಆದರೂ ಚೌಕದ ಕಡೆ ಹೆಚ್ಚುಕಡಿಮೆ ಓಡಿದ. ಸೋಮವಾರದಿಂದ ಅಲ್ಲಿ ಈ ವರ್ಷದ ಶೂಟಿಂಗಿನ ಬಿಳಿ ವ್ಯಾನುಗಳು ನಿಂತಿದ್ದವು, ನೆಲದ ತುಂಬ ವೈರುಗಳು. ಕೊರಳಲ್ಲಿ ಚೀಟಿ ನೇತುಹಾಕಿಕೊಂಡ ಒಬ್ಬ ತರುಣ ಅವನ ಮುಖವನ್ನೂ ನೋಡದೆ, ಶವಯಾತ್ರೆಯವರೆಲ್ಲ ಆ ಕಡೆ ಸಾಲಿನಲ್ಲಿ ನಿಲ್ಲಿ ಎಂದು ತೋಳು ಹಿಡಿದು ತಿರುಗಿಸಿದ. ಲುದೋವಿಕಾಳನ್ನು ಕಾಣಬೇಕಿತ್ತು ಎಂದು ಸಬಾತೋ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಸಾಲಿನಲ್ಲಿ ನಿಂತ. ಮುಂದೆ ನಿಂತವರೆಲ್ಲ ಊರಿನವರೇ, ನಿಜವಾದ ಹೆಣಗಳ ಹಿಂದೆಯೂ ಇದೇ ಮುಖಗಳು ನಡೆಯುತ್ತವೆ. ಒಬ್ಬ ಹುಡುಗಿ ಬಂದು ಅವನ ಕೊರಳಿಗೆ ಕಪ್ಪು ಟೈ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನಿಮ್ಮ ಮುಖ ತುಂಬಾ ಚೆನ್ನಾಗಿದೆ ಸ್ವಾಮಿ, ಹೀಗೇ ಇಟ್ಟುಕೊಳ್ಳಿ ಎಂದಳು. ಹೀಗೇ ಇಟ್ಟುಕೊಳ್ಳದೆ ಬೇರೆ ಹೇಗೆ ಇಟ್ಟುಕೊಳ್ಳುವುದೆಂದು ಅವನಿಗೆ ತಿಳಿದಿರಲಿಲ್ಲ. ಕಾಲು ಗಂಟೆಯೋ ಅರ್ಧ ಗಂಟೆಯೋ ಹಾಗೆ ನಿಂತಿದ್ದ. ಅಷ್ಟು ಹೊತ್ತೂ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಇತ್ತು. ಎಲ್ಲಿ ನಿಲ್ಲಬೇಕೆಂದು ಯಾರೋ ಹೇಳುತ್ತಿದ್ದರು, ಯಾರು ಸತ್ತರೆಂದು ತಿಳಿಯುವ ಅಗತ್ಯವಿರಲಿಲ್ಲ. ಆಮೇಲೆ ದೂರದಲ್ಲಿ ಮಿಮ್ಮೋ ಕಾಣಿಸಿದ, ಒಂದು ಕುರ್ಚಿಯಲ್ಲಿ ಕೂತು ಮುಖಕ್ಕೆ ಪೌಡರು ಹಾಕಿಸಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಗದ್ದ ಎತ್ತಿದ್ದ. ಸಬಾತೋ ಟೈ ಬಿಚ್ಚಿ ಮುಂದಿನವನ ಕೈಗೆ ಕೊಟ್ಟು ಹಿಂದಕ್ಕೆ ಬಂದುಬಿಟ್ಟ.

ಮಧ್ಯಾಹ್ನ, ನುಂಜಿಯಾ ಅಡುಗೆಗೆಂದು ಮೇಲಿನ ಮನೆಗೆ ಹೋದ ಮೇಲೆ, ಅನಿಯೆಲ್ಲೋ ಬೀದಿ ದಾಟಿ ಬಂದ. ಒಳಗೆ ಬಂದು ಬಾಗಿಲು ಹಾಕಿ, ಏಪ್ರನ್ನಿಗೆ ಕೈ ಒರೆಸಿಕೊಂಡ. ಬಾಗಿಲು ಹಾಕಿದ್ದೇ ತಡ, ಬೆಳಗಿನಿಂದ ಮುಖದ ಮೇಲೆ ನಿಂತಿದ್ದ ನಗು ಇಳಿದುಹೋಯಿತು. ಇದು ಯಾವ ಕ್ಷಣದಲ್ಲಾದರೂ ಬರುತ್ತದೆಂದು ಸಬಾತೋನಿಗೆ ಗೊತ್ತಿತ್ತು, ಬೆಳಗಿನಿಂದ ಉತ್ತರಗಳನ್ನು ಜೋಡಿಸಿಯೂ ಇಟ್ಟಿದ್ದ. ಬಾಯಿಗೆ ಬಂದದ್ದು ಊರಿಗೆಲ್ಲ ಹಂಚಿ ಉಳಿದದ್ದೇ.

"ಅನಿಯೆ, ಅದು ಫಿಲ್ಮಿಗೆ..."

"ನನಗೂ ಅದನ್ನೇ ಹೇಳಬೇಡವೋ ಮಾರಾಯ," ಎಂದ ಅನಿಯೆಲ್ಲೋ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಚಿ ಎಳೆದು ಕೂತ. ಅವನ ಕೈಗಳು ಉಪ್ಪುನೀರಿಗೆ ಬಿರಿದು ಕೆಂಪಾಗಿದ್ದವು. ಮಿಮ್ಮೋ ಬಂದಿದ್ದ ಎಂದು ಸಬಾತೋ ಹೇಳಿದ. ಗೊತ್ತು ಎಂದ. ಇಲ್ಲ ಎನ್ನಲು ಆಗಲಿಲ್ಲ ಎಂದ ಸಬಾತೋ. ಅದೂ ಗೊತ್ತು ಎಂದ ಅನಿಯೆಲ್ಲೋ. ಎದ್ದು ಬಂದು ಕಪಾಳಕ್ಕೆ ಎರಡು ಬಿಟ್ಟಿದ್ದರೆ, ನೀನೂ ಒಬ್ಬ ಸ್ನೇಹಿತನೇನೋ ಎಂದು ಉಗಿದಿದ್ದರೆ, ಇಬ್ಬರ ನಡುವೆ ಏನೋ ಒಂದು ತೀರಿಹೋಗುತ್ತಿತ್ತು. ಅನಿಯೆಲ್ಲೋ ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆ ಈ ಕಡೆ ಉರುಳಿಸುತ್ತಿದ್ದ. ಹೋಗಬೇಡ, ಜ್ವರ ಅಂತ ಒಂದು ಚೀಟಿ ಬರೆಸಿಕೊಂಡು ಮಲಗಿಬಿಡು, ಸತ್ತವನು ನಿನ್ನ ಅಣ್ಣನೂ ಅಲ್ಲ ತಮ್ಮನೂ ಅಲ್ಲ, ಯಾವ ಊರಿನವನೋ, ನೀನೊಬ್ಬನೇ ಹೋಗಿ ಹೇಳಿದರೆ ಎಂದು ಸಬಾತೋ ಒಂದೇ ಉಸಿರಿಗೆ ಹೇಳುತ್ತ ಹೋದವನು ಒಬ್ಬನೇ ಎಂಬ ಮಾತಿಗೆ ಬಂದು ನಿಂತುಬಿಟ್ಟ. ಅನಿಯೆಲ್ಲೋ ಆ ಅರ್ಧ ಕಣ್ಣುಗಳನ್ನು ಎತ್ತಿ ಅವನನ್ನು ನೋಡಿದ. "ಹೂಂ, ಒಬ್ಬನೇ," ಎಂದ.

ಆಮೇಲೆ ಅವನು ಹೇಳಿದ್ದನ್ನು ಸಬಾತೋ ನೆಲ ನೋಡುತ್ತ ಕೇಳಿದ. ಆ ಲಾರಿಯವನು ದಾರಿ ಕೇಳಿದಾಗ ಎಡಕ್ಕೆ ಹೋಗಿ ಬಲಕ್ಕೆ ತಿರುಗಿ ಎಂದು ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತಂತೆ. ಅವನ ಊರ ಕಡೆಯ ಮಾತಿನ ರಾಗ ಕೇಳಿ, ನಿಮ್ಮ ಕಡೆ ಚಿಪ್ಪುಮೀನಿಗೆ ನಿಂಬೆ ಹಿಂಡುತ್ತೀರಂತೆ, ಅದಕ್ಕೆ ನಿಮ್ಮನ್ನ ಜೈಲಿಗೆ ಹಾಕಬೇಕು ಎಂದು ಇವನು ತಮಾಷೆ ಶುರುಮಾಡಿದನಂತೆ. ಅವನು ನಕ್ಕು ಇಂಜಿನ್ನು ಆರಿಸಿ ಕೆಳಗಿಳಿದ. ಗುಂಡು ಬಿದ್ದಾಗ ಆ ನಗು ಇನ್ನೂ ಅವನ ಬಾಯಲ್ಲಿತ್ತು. "ನನ್ನ ಹಾಳು ಬಾಯಿಯ ಚಟಕ್ಕೆ ನಿಂತವನು ಕಣೋ. ಈಗ ಅದೇ ಬಾಯಿ ಮುಚ್ಚಿಕೊಂಡು ಕೂತರೆ, ನಾನು ಮತ್ತೆ ಅಂಗಡಿಯಲ್ಲಿ ನಿಂತು ಹೆಂಗೆ ಕೂಗಲಿ ಹೇಳು." ಅನಿಯೆಲ್ಲೋ ಬಂದ ಕೆಲಸ ಬೇರೆ ಇತ್ತು. ನುಂಜಿಯಾಗೆ ಇವತ್ತು ಬೆಳಿಗ್ಗೆಯಿಂದ ತಾನೇ ಫಿಲ್ಮಿಗೆ ಫಿಲ್ಮಿಗೆ ಎಂದು ಹೇಳುತ್ತಿದ್ದಾನೆ, ಅವಳು ಹೂಂ ಎನ್ನುತ್ತಿಲ್ಲ, ಊಹೂಂ ಎನ್ನುತ್ತಿಲ್ಲ. ಅವಳಿಗೆ ನಿಜ ತಿಳಿದರೆ ಶುಕ್ರವಾರ ಹೊಸ್ತಿಲಿಗೆ ಅಡ್ಡ ಮಲಗುತ್ತಾಳೆ. "ಅವಳು ಅಡ್ಡ ಮಲಗಿದರೆ ನಾನು ದಾಟಲ್ಲ, ಸಬಾ. ನನ್ನ ಧೈರ್ಯ ಎಷ್ಟು ಅಂತ ನನಗೆ ಗೊತ್ತು, ಅದು ಅಷ್ಟೇ ಇರೋದು. ನೀನು ಹೋಗಿ ಹೇಳು. ನನ್ನ ಮಾತು ನಂಬಲ್ಲ, ಮದುವೆಯಾದಾಗಿನಿಂದ ಸುಳ್ಳು ಹೇಳಿ ಹೇಳಿ ಆ ದಾರಿ ನಾನೇ ಮುಚ್ಚಿಕೊಂಡಿದೀನಿ. ನಿನ್ನದು ನಂಬ್ತಾಳೆ. ಅಚ್ಚು ಹಾಕಿದವನು ನೀನಲ್ಲವಾ?"

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಆದರೆ ಈ ಎರಡನೆಯದನ್ನು ಹೇಳಿದರೆ ಅನಿಯೆಲ್ಲೋ ಕೋರ್ಟಿಗೆ ಹೋಗುತ್ತಾನೆ, ಹೇಳದಿದ್ದರೆ ಮನೆಯಲ್ಲಿ ಉಳಿಯುತ್ತಾನೆ, ಬದುಕುತ್ತಾನೆ. ಮೆಟ್ಟಿಲು ಹತ್ತುವಾಗ ಸಬಾತೋನಿಗೆ ಇದು ಇದ್ದಕ್ಕಿದ್ದಂತೆ ಹೊಳೆದು ಕಾಲು ನಿಂತಿತು. ನುಂಜಿಯಾಗೆ ನಿಜ ಹೇಳಿಬಿಟ್ಟರೆ? ಮಿಮ್ಮೋ ತಂದ ಚೀಟಿ, ಇವತ್ತೇ ಅವನನ್ನು ಕಟ್ಟಿಹಾಕು ಎಂದು ಹೇಳಿದರೆ ಸ್ನೇಹಿತ ಉಳಿಯುತ್ತಾನೆ. ಮಿಮ್ಮೋನಿಗೂ ಬೇಕಾದದ್ದು ಅದೇ. ಹಾಗೆಂದರೆ ತಾನು ಸ್ನೇಹಿತನಾಗಿ ಹೇಳಿದಂತಾಗುತ್ತದೆಯೋ ಮಿಮ್ಮೋನ ಆಳಾಗಿ ಹೇಳಿದಂತಾಗುತ್ತದೆಯೋ? ಯಾರ ಮನೆಯದೋ ಟೊಮೇಟೊ ಸಾರಿನ ವಾಸನೆ ಮೆಟ್ಟಿಲ ತುಂಬ ಇತ್ತು. ಗೋಡೆಗೆ ಒರಗಿ ನಿಂತ. ಸರಿ ಯಾವುದು ಎಂದು ಯಾರಾದರೂ ಈಗ ಹೇಳಿದರೆ ಅದನ್ನೇ ಮಾಡುತ್ತೇನೆ ಎಂದುಕೊಂಡ, ಯಾರು ಹೇಳಿದರೂ ಮಾಡುತ್ತೇನೆ. ಹಾಗೆಂದುಕೊಂಡವನಿಗೆ ನಿನ್ನೆ ಮಧ್ಯಾಹ್ನವೂ ತಾನು ಮಾಡಿದ್ದು ಇಷ್ಟೇ ಅಲ್ಲವೇ, ಒಬ್ಬ ಹೇಳಿದ, ಮಾಡಿದೆ ಎಂದು ನೆನಪಾಯಿತು. ಮೇಲಿನಿಂದ ನುಂಜಿಯಾ, ಯಾರದು ನಿಂತಿರೋದು, ಬನ್ನಿ ಮೇಲೆ ಎಂದು ಕೂಗಿದಳು.

ಅವಳು ಹುರುಳಿಕಾಯಿ ಸೋಸುತ್ತಿದ್ದಳು. ಮೇಜಿನ ಮೇಲೆ ಒಂದು ಪೋಸ್ಟರು ನಾಲ್ಕಾಗಿ ಮಡಿಸಿಟ್ಟಿತ್ತು, ಅಂಟಿನ ಜೊತೆ ಗೋಡೆಯ ಸುಣ್ಣವೂ ಎದ್ದು ಬಂದಿತ್ತು. ಅವನಿಗೆ ಕುರ್ಚಿ ತೋರಿಸಿದಳು, ಕಾಫಿಗೆ ಇಟ್ಟಳು, ಒಂದೂವರೆ ಚಮಚ ಸಕ್ಕರೆಯನ್ನು ಕೇಳದೆಯೇ ಲೋಟಕ್ಕೆ ಹಾಕಿದಳು. ನಲವತ್ತು ವರ್ಷದ ಪರಿಚಯ. ಸಬಾತೋ ಹೇಳತೊಡಗಿದ. ಶುರುಮಾಡಿದ ಮೇಲೆ ಅವನಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ ಬಂತು: ರೋಮಿನವರ ಹೊಸ ಕತೆಯಲ್ಲಿ ಒಬ್ಬ ಮೀನಿನವನ ಪಾತ್ರವಿದೆ, ಒಳ್ಳೆಯವನು, ಊರಿನ ನಿಜವಾದ ಹೆಸರು ಬೇಕೆಂದು ಹಟ ಹಿಡಿದರು, ಇವನು ತಮಾಷೆಗೆ ಒಪ್ಪಿದ, ಗುರುವಾರ ಚರ್ಚಿನ ಮುಂದೆ ಶೂಟಿಂಗು, ಶುಕ್ರವಾರ ಬೆಳಿಗ್ಗೆಯೇ ಎಲ್ಲವನ್ನೂ ಕಿತ್ತು ತೆಗೆಯುತ್ತಾರೆ. ಮೀನಿನವನ ಪಾರ್ಟಿಗೆ ಬರುವ ನಟನ ಮೀಸೆಯನ್ನೂ ಬಣ್ಣಿಸಿದ. ನುಂಜಿಯಾ ಕಾಯಿಯ ತುದಿ ಮುರಿಯುತ್ತ ಎಲ್ಲ ಕೇಳಿದಳು. ಮುಗಿದ ಮೇಲೆ, ನನ್ನ ಹೆಸರೂ ಹಾಕಿದಾರಲ್ಲ, ನನಗೂ ಪಾರ್ಟಿದೆಯಾ ಎಂದಳು. ಸಬಾತೋ ನಕ್ಕ, ಇದ್ದರೂ ಇರಬಹುದು ನೋಡಮ್ಮ ಎಂದ.

"ಹಾಗಾದರೆ ಪಕ್ಕದಲ್ಲೇ ನಿಮ್ಮದೂ ಒಂದು ಹಾಕಿಬಿಡಿ ಅಣ್ಣ," ಎಂದಳು ನುಂಜಿಯಾ. "ಗುರುವಾರ ನಾಲ್ಕಕ್ಕೇ ಹಾಕಿ, ಇಬ್ಬರದೂ ಒಟ್ಟಿಗೆ ಆಗಲಿ. ಫಿಲ್ಮಿಗೆ ತಾನೆ?"

ಓಹೋ ಅದಕ್ಕೇನಂತೆ ಎನ್ನಬೇಕಿತ್ತು. ಎನ್ನಲು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಬಲಗೈ ಅವನನ್ನು ಕೇಳದೆ ಪ್ಯಾಂಟಿನ ಜೇಬಿಗೆ ಇಳಿದು ಬೀಗದ ಕೈಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ತಮ್ಮ ಸಾವಿನ ಮಾತು ಬಂದರೆ ಅಲ್ಲಿನ ಗಂಡಸರು ಕೈಗೆ ಸಿಕ್ಕ ಕಬ್ಬಿಣ ಮುಟ್ಟಿ ಅದನ್ನು ಕಳೆದುಕೊಳ್ಳುತ್ತಾರೆ. ಅಪ್ಪ ಮಾಡುತ್ತಿದ್ದ, ಅಜ್ಜ ಮಾಡುತ್ತಿದ್ದ. ಕೀಲಿಗಳು ಕಿಣಿಕ್ಕೆಂದವು. ನುಂಜಿಯಾ ಅವನ ಜೇಬನ್ನು ನೋಡುತ್ತಿದ್ದಳು. ಕೈಯನ್ನು ಹೊರಗೆ ತೆಗೆಯಬೇಕೆಂದರೆ ಅದು ಬರಲೊಲ್ಲದು. ಒಲೆಯ ಮೇಲೆ ಕಾಫಿ ಉಕ್ಕಿ ಬಂತು, ಅವಳು ಎದ್ದು ಉರಿ ಆರಿಸಿದಳು. ಬೆನ್ನು ಹಾಕಿ ನಿಂತವಳ ಭುಜ ಒಂದೆರಡು ಸಲ ಅಲುಗಿತು, ಅಳುತ್ತಾಳೆಂದು ಅವನು ಹೆದರಿದ. ತಿರುಗಿದಾಗ ಮುಖ ಒಣಗಿಯೇ ಇತ್ತು. ಲೋಟ ಅವನ ಮುಂದಿಟ್ಟು ಕೂತಳು.

ಬೆಳಿಗ್ಗೆ ಗೋಡೆಯ ಮೇಲೆ ನೋಡಿದಾಗಲೇ ತನಗೆ ತಿಳಿಯಿತು ಎಂದಳು. ಶುಕ್ರವಾರಕ್ಕೆ ಅವರ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಾಗಿದೆ, ಕಾಲರಿಗೆ ಗಂಜಿ ಹಾಕಿದ್ದೇನೆ ಎಂದಳು. ಹಾಗಾದರೆ ಅವನನ್ನು ತಡಿ, ನೀನು ತಡೆದರೆ ನಿಲ್ಲುತ್ತಾನೆ, ಅವನೇ ಹೇಳಿದ ಎಂದು ಸಬಾತೋ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ. ಮೆಟ್ಟಿಲು ಹತ್ತಿ ಬಂದ ಮೇಲೆ ಅವನು ಆಡಿದ ಮೊದಲ ನಿಜವಾದ ಮಾತು ಅದು.

"ತಡೆದರೆ ನಿಲ್ತಾರೆ," ಎಂದಳು ಅವಳು. ಹುರುಳಿಕಾಯೊಂದನ್ನು ಎತ್ತಿಕೊಂಡು ತುದಿ ಮುರಿದಳು. "ಉಳೀತಾರೆ. ಉಳಿದು ನಿಮ್ಮ ಹಾಗೆ ಆಗ್ತಾರೆ, ಅಣ್ಣ. ನಿಮಗೆ ನೋವಾಗಲಿ ಅಂತ ಹೇಳ್ತಾ ಇಲ್ಲ. ಆಮೇಲೆ ಆ ಮನುಷ್ಯನಿಗೆ ಮೂರು ಹೊತ್ತು ಅನ್ನ ಹಾಕಿಕೊಂಡು ನಾನು ಇರಬೇಕಲ್ಲ."

ನೋವಾಗಲಿ ಎಂದು ಹೇಳಿರಲಿಲ್ಲ, ಅದು ಅವನಿಗೆ ಚೆನ್ನಾಗಿ ತಿಳಿಯಿತು. ಕಾಫಿ ಬಿಸಿ ಇತ್ತು, ಅವಳು ನೋಡುತ್ತಿದ್ದಳೆಂದು ಒಂದೇ ಗುಟುಕಿಗೆ ಕುಡಿದುಬಿಟ್ಟ, ನಾಲಗೆ ಸುಟ್ಟಿತು. ಸುಡಲಿ. ಎದ್ದ. ಬಾಗಿಲ ತನಕ ಅವಳು ಬಂದಳು. ಮನೆಗೆ ಬಂದವರನ್ನು ಬೀಳ್ಕೊಡುವ ಹಾಗೆ ಅವನ ಕೋಟಿನ ಹೆಗಲಿನಿಂದ ಸುಣ್ಣದ ಪುಡಿ ಕೊಡವಿದಳು, ಮೆಟ್ಟಿಲಲ್ಲಿ ಒರಗಿ ನಿಂತಾಗ ಅಂಟಿದ್ದು. "ಕೆಳಗೆ ಹೋಗಿ ಅವರಿಗೆ ಹೇಳಿಬಿಡಿ, ನಂಬಿದಳು ಅಂತ," ಎಂದಳು. "ಇಲ್ಲದಿದ್ದರೆ ನಿದ್ದೆ ಮಾಡಲ್ಲ."

ಅಂಗಡಿಯ ಮುಂದೆ ಇಬ್ಬರು ಹೆಂಗಸರು ಸೀಗಡಿ ಆರಿಸುತ್ತಿದ್ದರು. ಅನಿಯೆಲ್ಲೋ ತಕ್ಕಡಿ ಹಿಡಿದುಕೊಂಡೇ ಅವನ ಕಡೆ ನೋಡಿದ. ಆ ನೋಟವನ್ನು ತಪ್ಪಿಸಿಕೊಂಡು ನೇರ ಪ್ರೆಸ್ಸಿಗೆ ಹೋಗಿಬಿಡಬಹುದಿತ್ತು, ಬೀದಿಯೇನೂ ಅಗಲವಿರಲಿಲ್ಲ. ಸಬಾತೋ ಅವನ ಹತ್ತಿರ ಹೋಗಿ ನಿಂತ. ಹೆಂಗಸರಿಗೆ ಕೇಳಿಸದಂತೆ, ನಂಬಿದಳು ಎಂದ. ನಿಜವಾಗಿಯೂ ಎಂದು ಅನಿಯೆಲ್ಲೋ ಕೇಳಿದ. ನಿಜವಾಗಿಯೂ, ನಗಾಡಿದಳು ಕೂಡ ಎಂದ ಸಬಾತೋ. ಅನಿಯೆಲ್ಲೋ ಉಸಿರು ಬಿಟ್ಟ. ಮುಖದ ಗಂಟುಗಳೆಲ್ಲ ಸಡಿಲಾಗಿ, ಎಷ್ಟೋ ತಿಂಗಳಿನಿಂದ ಕಾಣದಿದ್ದ ಆ ಹಳೆಯ ಸೋಮಾರಿ ನಗು ನಿದ್ದೆಗಣ್ಣಿನ ಸುತ್ತ ಮೂಡಿತು. ಅದನ್ನು ನೋಡುತ್ತ ನಿಲ್ಲಲು ಸಬಾತೋನಿಂದ ಆಗಲಿಲ್ಲ, ಆದರೂ ನಿಂತ. ಅನಿಯೆಲ್ಲೋ ದೊಡ್ಡ ಬೊಗಸೆಯಲ್ಲಿ ಚಿಪ್ಪುಮೀನು ಮೊಗೆದು ಕಾಗದದ ಪೊಟ್ಟಣಕ್ಕೆ ಸುರಿದು, ಇನ್ನೊಂದು ಬೊಗಸೆ ಹಾಕಿ, ಬಾಯಿ ಮಡಿಸಿ, ರಾತ್ರಿಗೆ ಮಾಡಿಕೋ, ನಿಂಬೆ ಮಾತ್ರ ಹಿಂಡಬೇಡ ಎಂದು ಅವನ ಕಡೆ ಚಾಚಿದ. ಸಬಾತೋ ಎರಡೂ ಕೈ ಒಡ್ಡಿ ತೆಗೆದುಕೊಂಡ.